ಬಿಳಿ ನೀರು ತಿಳಿಯಾಗುವ ಮೊದಲು

ಅವತ್ತು ನಲ್ಲಿ ಬರುವಷ್ಟರಲ್ಲಿ ಹಂಡೆ ತಿಕ್ಕಿ ಇಟ್ಟೆ. ನೀರು ಹಿಡಿದೆ. ಹಿಟ್ಟು ಸಾಣಿಸಿ ರೊಟ್ಟಿ ಬಡಿದೆ, ಪುಂಡಿಪಲ್ಯ ಕುದಿಸಿದೆ. ಅತ್ತೆಯವರ ಮೊಣಕಾಲಿಗೆ ಎಣ್ಣೆ ಸವರಿದೆ. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಹಾಸಿಗೆಗಳನ್ನು ಬಿಸಿಲಿಗೆ ಹಾಕಿದೆ. ಆಮೇಲೆ ಹಳೆಯ ಗ್ರಾಮೊಫೋನಿನಿಂದ ತೆಗೆದ ಹರಳೊಂದನ್ನು ಸೈಕಲ್ ಟ್ಯೂಬಿನ ತುಂಡಿನೊಳಗಿಟ್ಟು, ಔಡಲೆಣ್ಣೆ ತುಂಬಿ, ಎರಡೂ ಬಾಯಿಗೆ ದಾರ ಬಿಗಿದು ಮೇಣ ಬಳಿದು ಕಿಟಕಿಯಲ್ಲಿ ಆರಲು ಇಟ್ಟೆ.

ಕೊನೆಯ ಕೆಲಸ ಮನೆಯದಲ್ಲ, ಟಾಕಿಯದು. ರಾಣೆಬೆನ್ನೂರಿನಲ್ಲಿ ನಮ್ಮ ಮನೆಗೆ ಹತ್ತಿರದ ಏರಿನ ಮೇಲೆ ಊರಿಗೆ ನೀರು ಕೊಡುವ ದೊಡ್ಡ ಟಾಕಿ ಇತ್ತು. ಅರ್ಧ ನೆಲದೊಳಗೆ, ಅರ್ಧ ಹೊರಗೆ. ಮೇಲೆ ಕಾಂಕ್ರೀಟಿನ ಛಾವಣಿ, ಛಾವಣಿಯಲ್ಲಿ ಸಾಲುಸಾಲಾಗಿ ಕಬ್ಬಿಣದ ಮುಚ್ಚಳಗಳು. ತುಂಗಭದ್ರೆಯ ನೀರು ಹೊಳೆದಂಡೆಯ ಪಂಪ್‌ಹೌಸಿನಿಂದ ಪೈಪಿನಲ್ಲಿ ಏರಿಬಂದು ಅದರೊಳಗೆ ಬೀಳುತ್ತಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಾವಿನ್ನೂ ಧಾರವಾಡ ಜಿಲ್ಲೆಯವರೇ. ಆ ಬೇಸಿಗೆಯಲ್ಲಿ ಎಲ್ಲ ವಾಲ್ವ್ ಮುಚ್ಚಿದರೂ ಟಾಕಿಯ ನೀರು ಇಳಿಯತೊಡಗಿತು. ತಳದಲ್ಲಿ ಎಲ್ಲೋ ಸೋರುತ್ತಿತ್ತು.

ಖಾಲಿ ಮಾಡಿ ನೋಡಬಹುದಲ್ಲ ಎಂದು ನಾನೂ ಕೇಳಿದ್ದೆ. ಹಿಂದೊಮ್ಮೆ ಹಾಗೆ ಮಾಡಿದ್ದರಂತೆ. ತಳದ ತುಂಬ ಕೂದಲೆಳೆಯಂಥ ಬಿರುಕುಗಳು. ಯಾವುದು ಸೋರುವುದು, ಯಾವುದು ಬರೀ ಮೇಲುಗೀರು ಎಂದು ಒಣಗಿದ ಮೇಲೆ ಗುರುತು ಸಿಗುವುದಿಲ್ಲ. ನೀರಿನ ಭಾರ ಮೇಲಿದ್ದಾಗ ಮಾತ್ರ ಸೋರುವ ಬಿರುಕು ಸುಂಯ್ ಎನ್ನುತ್ತದೆ. ಆ ಸದ್ದು ಎಲ್ಲಿಂದ ಹುಟ್ಟುತ್ತಿದೆ ಎಂಬುದನ್ನು ತುಂಬಿದ ಟಾಕಿಯಲ್ಲೇ ಹಿಡಿಯಬೇಕು. ಶನಿವಾರದೊಳಗೆ ಜಾಗ ಸಿಗದಿದ್ದರೆ ಟಾಕಿ ಬರಿದು ಮಾಡಿ ಇಡೀ ತಳವನ್ನೇ ಒಡೆದು ಹೊಸದು ಹಾಕುವುದು, ಅಲ್ಲಿಯ ತನಕ ಕೆಳಗಿನ ಓಣಿಗಳಿಗೆಲ್ಲ ಟ್ಯಾಂಕರ್ ನೀರು. ಹಾವೇರಿಯ ಇಂಜಿನಿಯರ್ ಸಾಹೇಬರು ಹೀಗೆ ತೀರ್ಮಾನಿಸಿಬಿಟ್ಟಿದ್ದರು.

ನಾನು ಹಾವೇರಿಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಡೆಮಾನ್ಸ್ಟ್ರೇಟರ್. ಪಾಠ ಪ್ರಾಧ್ಯಾಪಕರದು, ಪ್ರಯೋಗ ವಿದ್ಯಾರ್ಥಿಗಳದು. ತಂತಿ ಬಿಗಿಯುವುದು, ಲೆನ್ಸ್ ಒರೆಸುವುದು, ಸಂಜೆ ಎಲ್ಲವನ್ನೂ ಎತ್ತಿಡುವುದು ನನ್ನದು. ಸಾಹೇಬರು ಬಂದು, "ನೀರೊಳಗಿನ ಸಪ್ಪಳ ಕೇಳಿಸೋ ಯಂತ್ರ ಏನರ ಐತೇನ್ರಿ ನಿಮ್ಮಲ್ಲಿ?" ಎಂದಾಗ ಪ್ರಾಧ್ಯಾಪಕರು ಇಲ್ಲವೆಂದರು. ನಾನು ಮಾಡಿಕೊಡುತ್ತೇನೆ ಎಂದೆ. ಮೊದಲಿನಿಂದ ಕೊನೆಯವರೆಗೆ ನನ್ನದೇ ಆದ ಕೆಲಸ ಎಂದು ಸಿಕ್ಕಿದ್ದು ಅದೊಂದೇ. ಇದು ಕೈಗೂಡಿದರೆ ಬ್ಯಾಡಗಿಯ ಟಾಕಿಯನ್ನೂ ನಿಮಗೇ ಕೊಡುತ್ತೇನೆ ಎಂದು ಸಾಹೇಬರು ಮಾತು ಕೊಟ್ಟಿದ್ದರು.

ಸದ್ದು ತಾಗಿದರೆ ಸಣ್ಣ ಕರೆಂಟು ಹುಟ್ಟಿಸುವ ಆ ಹರಳಿನ ಟ್ಯೂಬನ್ನು ಬಿದಿರುಗಳಕ್ಕೆ ಕಟ್ಟಿ, ಮುಚ್ಚಳದ ಬಾಯಿಂದ ಇಳಿಬಿಟ್ಟು, ತಳದಿಂದ ಒಂದು ಮೊಳ ಮೇಲೆ ನಿಲ್ಲಿಸುತ್ತಿದ್ದೆ. ತಂತಿ ಆಂಪ್ಲಿಫೈಯರಿಗೆ, ಅಲ್ಲಿಂದ ಒಂದು ಎಳೆ ಹೆಡ್‌ಫೋನಿಗೆ, ಇನ್ನೊಂದು ಮೀಟರಿಗೆ. ಮುಚ್ಚಳ ಎತ್ತಿಕೊಡುತ್ತಿದ್ದವನು ವಾಲ್ವ್‌ಮನ್. ಕುಪ್ಪೇಲೂರಿನವನು, ನಿವೃತ್ತಿಗೆ ಹತ್ತಿರವಾದವನು, ಬಾಯಲ್ಲಿ ಸದಾ ಎಲೆಯಡಿಕೆ.

"ಬಾಯಾರ, ಟಾಕಿ ಎದಿಬಡತ ನೋಡಾಕತ್ತೀರಿ. ಡಾಕ್ಟರ್ ಆದ್ರಿ ಬಿಡ್ರಿ," ಎನ್ನುತ್ತಿದ್ದ.

ಮೊದಲನೆಯ ಮುಚ್ಚಳದಲ್ಲೇ ಸುಂಯ್ ಕೇಳಿತು. ಸಿಕ್ಕಿತು ಎಂದುಕೊಂಡೆ. ಎರಡನೆಯದರಲ್ಲೂ ಅದೇ ಸುಂಯ್, ಅಷ್ಟೇ ಜೋರು. ಮೂರನೆಯದರಲ್ಲೂ ಅದೇ. ಆ ತುದಿಗೆ ಹೋದರೂ ಅದೇ. ಬಯಲಲ್ಲಿ ಯಾರಾದರೂ ಕೂಗಿದರೆ ಯಾವ ಕಡೆಯಿಂದ ಎಂದು ತಿಳಿಯುತ್ತದೆ, ಟಾಕಿಯೊಳಗೆ ಹಾಗಿಲ್ಲ. ಸದ್ದು ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ, ಅಲ್ಲಿಂದ ಕಂಬಕ್ಕೆ, ಕಂಬದಿಂದ ತಳಕ್ಕೆ ಓಡುತ್ತದೆ. ನೀರಿನ ಮೇಲ್ಮೈ ಕೂಡ ಒಳಗಿನ ಸದ್ದಿಗೆ ಗೋಡೆಯೇ. ಅದೂ ತಿರುಗಿಸಿ ಕೆಳಗೆ ಕಳಿಸುತ್ತದೆ. ಹೀಗಾಗಿ ಮೂಲ ಒಂದೇ ಇದ್ದರೂ ಟಾಕಿಗೆ ಟಾಕಿಯೇ ಸೋರುತ್ತಿರುವಂತೆ ಕೇಳುತ್ತದೆ.

ದಿನಗಟ್ಟಲೆ ಅಳೆದ ಮೇಲೆ ಪೂರ್ವದ ಒಂದು ಮೂಲೆಯಲ್ಲಿ ಮೀಟರಿನ ಮುಳ್ಳು ತುಸು ಹೆಚ್ಚು ಏರುವುದು ಕಂಡಿತು. ಛಾವಣಿಯ ಮೇಲೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಗುರುತು ಮಾಡಿದೆ. ಗಳಗನಾಥದ ಸಂಗಮದಲ್ಲಿ ಮುಳುಗಿ ರೂಢಿಯಿದ್ದ ಈಜುಗಾರನನ್ನು ಸಾಹೇಬರು ಕರೆಸಿದರು. ಅವನು ಒಂದೊಂದೇ ಉಸಿರಿಗೆ ಮುಳುಗಿ ಆ ಮೂಲೆಗೆ ಜೇಡಿಮಣ್ಣಿನ ಚೀಲಗಳನ್ನು ಒತ್ತಿಟ್ಟು ಬಂದ. ಮರುದಿನ ನೋಡಿದರೆ ನೀರು ಎಂದಿನಷ್ಟೇ ಇಳಿದಿತ್ತು. ಆಮೇಲೆ ಉಳಿದ ಮೂಲೆಗಳಲ್ಲೂ ಅಳೆದೆ. ಎಲ್ಲ ಮೂಲೆಯಲ್ಲೂ ಮುಳ್ಳು ಅಷ್ಟೇ ಏರುತ್ತಿತ್ತು. ಎರಡು ಗೋಡೆ ಮತ್ತು ತಳ ಕೂಡುವಲ್ಲಿ ತಿರುಗಿದ ಸದ್ದೆಲ್ಲ ಗುಡ್ಡೆ ಬೀಳುತ್ತದೆ, ಮನೆಯ ಕಸ ಮೂಲೆಗೆ ಸೇರುವಂತೆ. ನಾನು ಕಸದ ಗುಡ್ಡೆಯನ್ನು ಕಸ ಹಾಕಿದವನ ಮನೆ ಎಂದುಕೊಂಡಿದ್ದೆ.

"ಇರ್ಲಿ ಬಿಡ್ರಿ ಮೇಡಂ, ಆಗ್ತೈತಿ," ಎಂದರು ಸಾಹೇಬರು. ಆಮೇಲೆ ಕರವಸ್ತ್ರದಿಂದ ಕನ್ನಡಕ ಒರೆಸುತ್ತ, "ಹುಬ್ಬಳ್ಳಿ ಇಂಜಿನಿಯರಿಂಗ್ ಕಾಲೇಜಿನಾಗ ಒಬ್ಬ ಮೇಡಂ ಅದಾರಂತ, ಇಂಥಾದ್ದ ಕೆಲಸದಾಗ ಭಾರೀ ಹುಶಾರಂತ. ನಿಮ್ಮ ಜೋಡಿನ ಓದ್ಯಾರಂತಲ್ಲ? ಕರಸೇನಿ. ನಾಳೆ ಬರ್ತಾರ," ಎಂದರು.

ಯಾರೆಂದು ಕೇಳುವ ಅಗತ್ಯ ಇರಲಿಲ್ಲ.

ಗೆಳತಿ ಬ್ಯಾಡಗಿಯವಳು, ಮೆಣಸಿನಕಾಯಿ ವ್ಯಾಪಾರದ ಸಾಬರ ಮನೆತನದ ಹುಡುಗಿ. ಧಾರವಾಡದ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆ. ಪರೀಕ್ಷೆಯ ಹಿಂದಿನ ದಿನ ನಾನು ಓದಿಸಿದ್ದನ್ನು ಅವಳು ಪರೀಕ್ಷೆಯಲ್ಲಿ ನನಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಅವಳು ಮುಂದೆ ಓದಿದಳು, ನನಗೆ ಮದುವೆಯಾಯಿತು. ಅವಳು ಒಳ್ಳೆಯವಳು. ಕೆಟ್ಟವಳಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

ಮರುದಿನ, ಬುಧವಾರ, ನಮ್ಮ ಮನೆಯ ಮುಂದೆ ಜೀಪಿನಿಂದ ಇಳಿದಳು. ಹುಬ್ಬಳ್ಳಿಯಿಂದ ಬಂದರೂ ಸೀರೆಯ ನೆರಿಗೆ ಕದಡಿರಲಿಲ್ಲ. ಹಿಂದೆ ಎರಡು ಕಟ್ಟಿಗೆಯ ಪೆಟ್ಟಿಗೆ. ಒಂದರಲ್ಲಿ ಹಸಿರು ಗೆರೆ ಓಡುವ ಆಸಿಲೋಸ್ಕೋಪು, ಇನ್ನೊಂದರಲ್ಲಿ ನೀರೊಳಗಿನ ಮೈಕು ಎರಡು, ಪರದೇಶದವು, ಕಪ್ಪಗೆ ನುಣ್ಣಗೆ ಹೊಳೆಯುವಂಥವು. ಕಿಟಕಿಯಲ್ಲಿದ್ದ ನನ್ನ ಸೈಕಲ್ ಟ್ಯೂಬನ್ನು ಅವಳು ಎತ್ತಿ ಹಿಡಿದು, "ಲೇ, ಇದನ್ನ ನೀನ ಮಾಡೀಯೇನ? ಖರೇನೇ? ಎಷ್ಟ ಚಂದ ಐತಿ!" ಎಂದಳು. ಮನಸಾರೆ ಅಂದಿದ್ದು. ಅದಕ್ಕೇ ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡು ಮತ್ತೆ ಕಿಟಕಿಯಲ್ಲಿಟ್ಟೆ.

ಅವಳು ಉಳಿಯಬೇಕಾದದ್ದು ನಮ್ಮ ಮನೆಯಲ್ಲೇ. ತವರಿನಿಂದ ತರಿಸಿದ ಮೆಣಸಿನಕಾಯಿಯ ಗಂಟನ್ನು ಅತ್ತೆಯವರ ಕೈಗೆ ಕೊಟ್ಟಳು. ನಮ್ಮ ಅತ್ತೆಯವರು ಅಡುಗೆಮನೆಯ ಹೊಸ್ತಿಲ ವಿಷಯದಲ್ಲಿ ಬಹಳ ಕಟ್ಟುನಿಟ್ಟು; ನಾನು ಸೊಸೆಯಾಗಿ ಬಂದ ಮೇಲೂ ಉಪ್ಪಿನಕಾಯಿ ಭರಣಿ ಮುಟ್ಟಲು ಅಪ್ಪಣೆ ಸಿಗಲು ವರ್ಷಗಳು ಹಿಡಿದಿದ್ದವು. ಗೆಳತಿ ಬಾಗಿಲಲ್ಲೇ ನಿಂತಳು.

"ಅಮ್ಮಾರ, ನಾ ಒಳಗ ಬರಬೌದೇನ್ರಿ, ಇಲ್ಲಾ ಇಲ್ಲೇ ಕುಂಡ್ರಲೇನ್ರಿ?"

"ಬಾರವ್ವಾ, ಇಷ್ಟ ಚಂದ ಮೆಣಸಿನಕಾಯಿ ತಂದಾಕೀನ ಹೊರಗ ಯಾಕ ಕುಂಡ್ರಸ್ಲಿ? ಖಾರಕ್ಕ ಎಷ್ಟ ಕೊತ್ತಂಬರಿ ಹಾಕ್ತೀರಿ ನಿಮ್ಮ ಮನ್ಯಾಗ?" ಎಂದು ಅತ್ತೆಯವರು ಮಣೆ ಸರಿಸಿಕೊಟ್ಟರು.

ಸಂಜೆ ರೊಟ್ಟಿ ಬಡಿಯಲು ಕೂತಳು. ಅವಳ ರೊಟ್ಟಿ ದುಂಡಗೆ ಬರಲಿಲ್ಲ, ಅಂಚು ಹರಿಯಿತು. ನನಗೆ ಸಮಾಧಾನವಾಯಿತು. ಅತ್ತೆಯವರು ಆ ಹರಿದ ರೊಟ್ಟಿಯನ್ನು ತಮ್ಮ ತಾಟಿಗೆ ಹಾಕಿಸಿಕೊಂಡು, "ನೋಡ, ಹೆಂಗ ಮನಸ್ಸಿಟ್ಟು ಮಾಡ್ಯಾಳ," ಎಂದರು. ಎಂದೂ ಊಟದಲ್ಲಿ ಮಾತಾಡದ ಯಜಮಾನರು ಅವಳ ಹಾಸ್ಟೆಲಿನ ಕಥೆಗೆ ನೆತ್ತಿಗೆ ಹತ್ತುವಷ್ಟು ನಕ್ಕರು. ಆ ಕಥೆಯನ್ನು ನಾನೇ ಅವರಿಗೆ ಎಷ್ಟೋ ಸಲ ಹೇಳಿದ್ದೆ.

ಗೆಳತಿಯ ವಿಧಾನ ಬೇರೆ. ಜೋರು ಎಲ್ಲಿ ಎಂದು ಅವಳು ಕೇಳುವುದಿಲ್ಲ. ಮೊದಲು ಎಲ್ಲಿಗೆ ತಲುಪಿತು ಎಂದು ಕೇಳುತ್ತಾಳೆ. ಎರಡು ಮೈಕುಗಳನ್ನು ದೂರದೂರ ಇಳಿಸಿದರೆ, ಸದ್ದು ಹತ್ತಿರದ್ದಕ್ಕೆ ಮೊದಲು, ದೂರದ್ದಕ್ಕೆ ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಪರದೆಯ ಮೇಲೆ ಎರಡು ಹಸಿರು ಗೆರೆಗಳಲ್ಲಿ ಯಾವುದು ಮೊದಲು ಕುಣಿಯಿತು ನೋಡಿದರೆ ಸಾಕು. ತಿರುಗಿ ಬಂದ ಸದ್ದು ಎಷ್ಟೇ ಇದ್ದರೂ ಅದು ನೇರ ಬಂದದ್ದರ ಹಿಂದೆಯೇ ಬರಬೇಕಲ್ಲ.

ಅವಳು ನನಗೆ ಸುತ್ತಿಗೆ ಕೊಟ್ಟು ಪಶ್ಚಿಮದ ಗೋಡೆಗೆ ಒಂದು ಏಟು ಹಾಕಿಸಿದಳು. ಪರದೆಯ ಮೇಲಿನ ಗೆರೆ ಸಪಾಟು ಇದ್ದದ್ದು ಚಂಗನೆ ಎದ್ದಿತು; ಒಂದು ಗೆರೆ ಮೊದಲು, ಇನ್ನೊಂದು ಆಮೇಲೆ. ಲೆಕ್ಕ ಹಾಕಿ ಸುತ್ತಿಗೆಯ ಜಾಗವನ್ನು ನೋಡದೆಯೇ ಹೇಳಿದಳು. ವಾಲ್ವ್‌ಮನ್ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದ.

"ಏನ್ ಕಣ್ಣರೀ ಯವ್ವಾ ಇದು! ಇದರ ಮುಂದ ಕಳ್ಳರೂ ಉಳಿಯಂಗಿಲ್ಲ!"

ಸಾಹೇಬರು ನನ್ನ ಕಡೆ ನೋಡಿದರು. ನಾನು ಸುತ್ತಿಗೆಯನ್ನು ಎಲ್ಲಿಡಬೇಕೆಂದು ಹುಡುಕಿದೆ.

ಆದರೆ ಸೋರಿಕೆಯ ಸದ್ದನ್ನು ಅವಳ ಪರದೆಯ ಕಣ್ಣಿಗೂ ಹಿಡಿಯಲಾಗಲಿಲ್ಲ. ಸುತ್ತಿಗೆಯ ಏಟಿಗೆ ಆರಂಭವಿದೆ. ಸೋರಿಕೆಗೆ ಇಲ್ಲ, ಅದು ವಾರಗಳಿಂದ ಒಂದೇ ಸಮ ನಡೆದ ಸುಂಯ್. ಎರಡೂ ಗೆರೆಗಳು ಜೋಳದ ಹೊಟ್ಟು ತೂರಿದಂತೆ ಕದಡಿಕೊಂಡು ಓಡುತ್ತಿದ್ದವು. ಯಾವುದರ ತಲೆ ಯಾವುದು, ಬಾಲ ಯಾವುದು ಹೇಳಲು ಬರುತ್ತಿರಲಿಲ್ಲ. ಅವಳು ಮೈಕು ಹತ್ತಿರ ತಂದಳು, ದೂರ ಒಯ್ದಳು, ಪೆಟ್ಟಿಗೆಯ ಗುಂಡಿಗಳನ್ನೆಲ್ಲ ತಿರುಗಿಸಿದಳು. ಮಧ್ಯಾಹ್ನದ ಬಿಸಿಲಲ್ಲಿ ಛಾವಣಿ ಕಾದು ಅಂಗಾಲು ಸುಡುತ್ತಿತ್ತು. ಗುರುವಾರ ಹೀಗೆಯೇ ಕಳೆಯಿತು. ಅವಳ ನೆರಿಗೆ ಈಗ ಕದಡಿತ್ತು. ಆ ದಿನ ಮನೆಗೆ ನಡೆದು ಹೋಗುವಾಗ ನನ್ನ ಕಾಲುಗಳು ಹಗುರವಾಗಿದ್ದವು.

"ಒಂದ ಗೋಡೀನರ ಇಲ್ದಂಗ ಮಾಡಾಕ ಬಂದಿದ್ರ..." ಎಂದಳು ದಾರಿಯಲ್ಲಿ.

"ಟಾಕೀಗಿ ಗೋಡಿ ಇಲ್ದಿದ್ರ ಅದು ಕೆರಿ ಆಗ್ತೈತಿ," ಎಂದೆ.

ಅವಳು ನಕ್ಕಳು. ಸೋತಾಗಲೂ ಅವಳಿಗೆ ನಗು ಬರುತ್ತಿತ್ತು.

ಮನೆಯಲ್ಲಿ ಕರೆಂಟು ಆಗಷ್ಟೇ ಬಂದಿತ್ತು. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದ ಮೇಲೆ ನಮ್ಮೂರ ನಲ್ಲಿಗಳಲ್ಲಿ ಮೊದಲು ಬರುವುದು ಬಿಳಿ ನೀರು. ಪಂಪು ನಿಂತಾಗ ಪೈಪಿನೊಳಗೆ ಗಾಳಿ ಸೇರಿಕೊಂಡಿರುತ್ತದೆ. ಪಂಪು ಮತ್ತೆ ಒತ್ತಿದಾಗ ಆ ಗಾಳಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಾಗಿ ನೀರಿನ ಜೊತೆ ಬರುತ್ತದೆ. ಹಾಲು ಬೆರೆಸಿದಂತೆ ಕಾಣುವ ಆ ನೀರನ್ನು ಎಲ್ಲರ ಮನೆಯಲ್ಲೂ ಕೊಡದಲ್ಲಿ ಹಿಡಿದಿಟ್ಟು, ತಿಳಿಯಾದ ಮೇಲೆ ಕುಡಿಯುತ್ತೇವೆ. ಗೆಳತಿಗೆ ಬಾಯಾರಿಕೆ ತಡೆಯಲಿಲ್ಲ. ಗಾಜಿನ ಲೋಟದಲ್ಲಿ ಬಿಳಿ ನೀರನ್ನೇ ಹಿಡಿದು ಮುಂದಿಟ್ಟುಕೊಂಡು, ಅತ್ತೆಯವರ ಜೊತೆ ಮಾತಾಡುತ್ತ ಚಮಚದಿಂದ ಲೋಟಕ್ಕೆ ಸುಮ್ಮನೆ ಬಡಿಯುತ್ತಿದ್ದಳು.

ಲೋಟ ದಬ್ ದಬ್ ಎಂದಿತು. ಕಿಣಿ ಎನ್ನಲಿಲ್ಲ.

ನಾನು ಸೊಪ್ಪು ಸೋಸುವುದನ್ನು ನಿಲ್ಲಿಸಿದೆ. ಅವಳು ಮಾತಾಡುತ್ತಲೇ ಇದ್ದಳು, ಬಡಿಯುತ್ತಲೇ ಇದ್ದಳು. ನೀರು ತಳದಿಂದ ತಿಳಿಯಾಗುತ್ತ ಬಂದಂತೆ ದಬ್ ಎನ್ನುವುದು ಟಣ್ ಆಯಿತು, ಟಣ್ ಎನ್ನುವುದು ಕಿಣಿ ಆಯಿತು. ಅವಳು ಲೋಟ ಎತ್ತಿ ಕುಡಿದುಬಿಟ್ಟಳು. ಅವಳಿಗೆ ಅದು ಕೇಳಿಸಿರಲಿಲ್ಲ.

ಗುಳ್ಳೆಗಳು ಸದ್ದನ್ನು ನುಂಗುತ್ತವೆ. ನೀರೊಳಗೆ ಅವು ಸಣ್ಣ ಸಣ್ಣ ದಿಂಬುಗಳಿದ್ದಂತೆ; ಸದ್ದು ಪ್ರತಿಯೊಂದಕ್ಕೂ ತುಸು ಬಲ ಕೊಟ್ಟು ಕೊಟ್ಟು ಬಡಕಲಾಗುತ್ತದೆ. ಟಾಕಿಯಲ್ಲಿ ಬಿಳಿ ನೀರು ಇದ್ದರೆ ಸೋರಿಕೆಯ ಸದ್ದು ಗೋಡೆಯವರೆಗೆ ಹೋಗಿ ತಿರುಗಿ ಬರುವಷ್ಟು ಉಳಿಯುವುದಿಲ್ಲ. ಹತ್ತಿರ ಇದ್ದವರಿಗೆ ಮಾತ್ರ ಕೇಳುತ್ತದೆ. ಗೋಡೆ ಇದ್ದೂ ಇಲ್ಲದಂತೆ. ನಾನು ಅಲ್ಲಿಯವರೆಗೆ ಏನು ಮಾಡುತ್ತಿದ್ದೆ? ಕರೆಂಟು ಬಂದು ಪಂಪು ನಡೆದ ಮೇಲೆ ಟಾಕಿಯ ನೀರು ಪೂರಾ ತಿಳಿಯಾಗುವ ತನಕ ಕಾಯುತ್ತಿದ್ದೆ. ಬಿಳಿ ನೀರಿನಲ್ಲಿ ಏನನ್ನೂ ಮಾಡಬಾರದು ಎಂಬುದು ನಮ್ಮ ಮನೆಗಳ ರೂಢಿ. ಅದನ್ನು ಟಾಕಿಗೂ ಒಯ್ದಿದ್ದೆ. ಗೆಳತಿಗೂ ಅದನ್ನೇ ಹೇಳಿಕೊಟ್ಟಿದ್ದೆ.

ಅವಳಿಗೆ ಹೇಳಲಿಲ್ಲ. ಸೊಪ್ಪು ಸೋಸಿದೆ, ಬೇಳೆ ಬೇಯಿಸಿದೆ. ನನ್ನ ಕಿವಿಗೆ ಬಿದ್ದದ್ದು ನನ್ನದು ಎನಿಸಿತು. ಶುಕ್ರವಾರ ಬೆಳಗಿನ ಬಸ್ಸಿಗೆ ಹಾವೇರಿಗೆ ಹೋಗಿ ನೇರ ಸಾಹೇಬರ ಕಚೇರಿಗೆ ನಡೆದೆ. ಲೈನು ಖಾಲಿ ಬಿಟ್ಟು ಮತ್ತೆ ಪಂಪು ಹಚ್ಚಿ, ಗಾಳಿ ಬೆರೆತ ನೀರನ್ನು ಟಾಕಿಗೆ ಬಿಡಬೇಕು, ತುಂಬುವ ಗದ್ದಲ ನಿಲ್ಲಿಸಿ, ನೀರು ತಿಳಿಯಾಗುವುದರೊಳಗೆ ಅಳೆಯಬೇಕು ಎಂದು ಬಿಡಿಸಿ ಹೇಳಿದೆ. ಸಾಹೇಬರು ಮೇಜಿನ ಮೇಲಿದ್ದ ಲೋಟವನ್ನು ದೂರ ಸರಿಸಿದರು, ನಾನು ಅದಕ್ಕೆ ಬಡಿದು ತೋರಿಸುತ್ತೇನೆಂದು ಹೆದರಿದಂತೆ.

"ಪೈಪಿನಾಗ ಗಾಳಿ ಬಿಟ್ರ ಹೊಡತ ಬೀಳ್ತೈತ್ರಿ ಮೇಡಂ. ಜಾಯಿಂಟ್ ಬಿಚ್ಚಿದ್ರ ಯಾರ ಹೊಣಿ? ಹುಬ್ಬಳ್ಳಿ ಮೇಡಂ ಏನ್ ಅಂತಾರ?"

"ಅವರಿಗಿನ್ನೂ ಹೇಳಿಲ್ರಿ."

"ಅವರು ಹೂಂ ಅಂದ್ರ ಮಾಡೂಣು. ಸುಮ್ನ ನಿಮ್ಮ ಲೋಟಾ ನಂಬಿ ಹೆಂಗ ಮಾಡ್ಲಿ?"

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಲೆಕ್ಕ ಹಾಕಿದೆ. ಹೇಳದಿದ್ದರೆ ನಾಳೆ ಟಾಕಿ ಬರಿದಾಗುತ್ತದೆ, ನಾನು ಗುರುತು ಹಾಕಿದ ತಪ್ಪು ಮೂಲೆಯೊಂದೇ ನನ್ನ ಹೆಸರಿಗೆ ಉಳಿಯುತ್ತದೆ. ಹೇಳಿದರೆ ಅದು ಅವಳ ಬಾಯಿಂದ ಬರುತ್ತದೆ. ಇನ್ನೊಂದು ತೊಡಕೂ ಇತ್ತು. ಬಿಳಿ ನೀರು ತಿಳಿಯಾಗುವಷ್ಟರಲ್ಲಿ ಒಂದೇ ಗಳ ಹಿಡಿದು ನಾನೊಬ್ಬಳೇ ಅಷ್ಟು ಮುಚ್ಚಳ ಸುತ್ತಲಾರೆ. ಎರಡು ಕಿವಿ ಬೇಕು, ಎರಡೂ ಒಂದೇ ಅಳತೆಯಲ್ಲಿ ಕೇಳುವ ಮೈಕು ಬೇಕು. ಅವು ಅವಳ ಪೆಟ್ಟಿಗೆಯಲ್ಲಿದ್ದವು.

ಟಾಕಿಯ ಮೇಲೆ ಅವಳು ತಲೆಗೆ ಸೆರಗು ಹೊದ್ದು ಕೂತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ನಾನು ಅರ್ಧ ಹೇಳುವುದರೊಳಗೆ ಅವಳ ಕಣ್ಣುಗಳು ಅಗಲವಾದವು.

"ಯಾ ಅಲ್ಲಾ! ಲೋಟಾ ಬಡದಾಕಿ ನಾನು, ಕೇಳಿದಾಕಿ ನೀನು! ನಿನ್ನೀನ ಯಾಕ ಹೇಳ್ಲಿಲ್ಲಲೇ?"

"ಖಾತ್ರಿ ಮಾಡ್ಕೊಳ್ಳೂಣು ಅಂತ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸಿಗಿಸಿಕೊಂಡು ಎದ್ದು, "ಟಾಕಿ ಬಾಯಾಗಿನ ವಾಲ್ವು ಪೂರಾ ತೆರೀಬಾರ್ದು, ಅರ್ಧಕ್ಕೂ ಕಡಿಮಿ ಇರ್ಬೇಕು. ಸಂದಿಯಿಂದ ಹಿಂಡಿ ಬಂದ್ರ ಗುಳ್ಳಿ ಇನ್ನೂ ಸಣ್ಣು ಆಗ್ತಾವು, ಭಾಳ ಹೊತ್ತು ನಿಲ್ತಾವು," ಎಂದಳು. ಹೇಳಿ ಮುಗಿಸಿ ಉಸಿರು ಬಿಡುವುದರೊಳಗೆ ನನ್ನ ವಿಚಾರಕ್ಕೆ ಒಂದು ಉತ್ತಮ ಬಾಲ ಜೋಡಿಸಿದ್ದಳು. ಸರಿಯಾದ ಬಾಲ. ನನಗೆ ಹೊಳೆಯದೇ ಹೋದದ್ದು. ಸಾಹೇಬರಿಗೆ ಫೋನು ಮಾಡಿ ಹೂಂ ಎಂದದ್ದೂ ಅವಳೇ.

ಶನಿವಾರ ಬೆಳಗ್ಗೆ ಎಲ್ಲರೂ ಟಾಕಿಯ ಮೇಲಿದ್ದೆವು. ಪಕ್ಕದ ಕೋಣೆಯಿಂದ ಪಂಪ್‌ಹೌಸಿಗೆ ನೇರ ಫೋನು ಇತ್ತು. ವಾಲ್ವ್‌ಮನ್ ಅದರಲ್ಲಿ ಕೂಗುವುದು ಫೋನಿಲ್ಲದೆಯೂ ಹೊಳೆಗೆ ಕೇಳುವಂತಿತ್ತು.

"ಪಂಪ್ ಬಂದ್ ಮಾಡೋ! ... ಕರೆಂಟ್ ಐತಿ ಅಂತ ನನಗೂ ಗೊತ್ತೈತಿ! ... ಲೈನಿನಾಗಿನ ನೀರು ಹೊರಗ ಬಿಟ್ಟು ಮತ್ತ ಹಚ್ಚು. ... ನನಗ ತಲಿ ಕೆಟ್ಟಿಲ್ಲೋ ಮಾರಾಯ, ಇಬ್ರು ಬಾಯಾರು ಹೇಳ್ಯಾರ! ... ಹೂಂ, ಇಬ್ರೂ ಶಾಣ್ಯಾರ!"

ಮೊದಲ ಸಲ ಗಾಳಿ ಸಾಲಲಿಲ್ಲ. ನೀರು ಬರೀ ಮಬ್ಬಾಗಿ ಬಂತು, ನಾವು ಗಳ ಇಳಿಸುವಷ್ಟರಲ್ಲಿ ತಿಳಿಯಾಯಿತು. ಸಾಹೇಬರು ಗಡಿಯಾರ ನೋಡಿದರು. ಮಧ್ಯಾಹ್ನದ ಮೇಲೆ ಟಾಕಿ ಬರಿದು ಮಾಡುವ ಆಳುಗಳು ಬರುವವರಿದ್ದರು. ಎರಡನೆಯ ಸಲ ಲೈನನ್ನು ಹೆಚ್ಚು ಹೊತ್ತು ಖಾಲಿ ಬಿಡಿಸಿದೆವು. ಪಂಪು ಹಚ್ಚಿದ ಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಪೈಪು ಕೆಮ್ಮಿತು, ದಡ್ ಎಂದು ಛಾವಣಿ ಅಂಗಾಲಿನಲ್ಲಿ ನಡುಗಿತು. ಸಾಹೇಬರ ಮುಖ ಬಿಳಿಚಿತು. ಜಾಯಿಂಟು ತಡೆಯಿತು. ಅರೆಮುಚ್ಚಿದ ವಾಲ್ವಿನಿಂದ ಬಂದ ನೀರು ಹಾಲೇ ಹಾಲು.

ಟಾಕಿ ಬೇಕಾದಷ್ಟು ಬಿಳುಪಾದಾಗ ಪಂಪು ನಿಲ್ಲಿಸಿದರು. ನಾನು ಪೂರ್ವದಿಂದ, ಅವಳು ಪಶ್ಚಿಮದಿಂದ ಹೊರಟೆವು. ಅವಳ ಮೈಕುಗಳಲ್ಲಿ ಒಂದು ನನ್ನ ಗಳಕ್ಕೆ ಕಟ್ಟಿತ್ತು. ಮೊದಲ ಮುಚ್ಚಳದಲ್ಲಿ ಹೆಡ್‌ಫೋನು ಹಾಕಿಕೊಂಡೆ. ಏನೂ ಇಲ್ಲ! ದಿನಗಟ್ಟಲೆ ನನ್ನ ಕಿವಿ ತಿಂದಿದ್ದ ಸುಂಯ್ ಅಲ್ಲಿ ಇರಲೇ ಇಲ್ಲ. ಕಂಬಳಿ ಹೊದಿಸಿದಂಥ ಮೌನ. ನಾನು ಮೊದಲು ತಪ್ಪಾಗಿ ಗುರುತು ಹಾಕಿದ್ದ ಮೂಲೆಯೂ ಮೌನ. ಎರಡನೆಯದು ಮೌನ. ನಡುಸಾಲಿನಲ್ಲಿ ಸಣ್ಣಗೆ ಒಂದು ಎಳೆ ಕೇಳಿತು, ಮುಳ್ಳು ಅಲುಗಿತು. ಒಂದು ಮುಚ್ಚಳ ಮುಂದೆ ಹೋದೆ, ಏರಿತು. ಇನ್ನೊಂದು ಮುಂದೆ, ನನ್ನದಾಗಲಿ ದೇವರೇ ಎಂದುಕೊಂಡು ಗಳ ಇಳಿಸುತ್ತಿದ್ದೆ. ಆಗ ಆ ಕಡೆಯಿಂದ ಅವಳ ದನಿ.

"ಲೇ! ಇಲ್ಲಿ ಬಾ, ಲಗೂ ಬಾ! ಕೇಳ!"

ನಮ್ಮಿಬ್ಬರ ನಡುವೆ ಒಂದೇ ಮುಚ್ಚಳದ ಅಂತರ. ಸೋರುವ ಜಾಗ ಅವಳ ಗಳದ ಕೆಳಗಿತ್ತು. ಅವಳ ಹೆಡ್‌ಫೋನನ್ನು ಕಿವಿಗೆ ಒತ್ತಿದೆ. ಕಾದ ಹಂಚಿಗೆ ನೀರು ಚಿಮುಕಿಸಿದಂಥ ಸದ್ದು, ಖಚಿತವಾಗಿ, ಒಂದೇ ಕಡೆಯಿಂದ. ಗಳವನ್ನು ಒಂದು ಗೇಣು ಆಚೆ ಸರಿಸಿದರೆ ಇಳಿಯಿತು, ಈಚೆ ತಂದರೆ ಏರಿತು. ಖಡುವಿನಿಂದ ಗುರುತು ಹಾಕಿದೆವು. ಹಾಕುತ್ತಿದ್ದಂತೆಯೇ ನೀರು ತಿಳಿಯಾಗತೊಡಗಿತು. ಸುಂಯ್ ಹಿಂದೆ ಸರಿದು ಹಿಗ್ಗಿ ಮತ್ತೆ ಟಾಕಿಗೆ ಟಾಕಿಯನ್ನೇ ತುಂಬಿಕೊಂಡಿತು.

ಈಜುಗಾರ ಬಟ್ಟೆಯ ಚೂರೊಂದನ್ನು ಹಿಡಿದು ಗುರುತಿನ ನೇರಕ್ಕೆ ಮುಳುಗಿದ. ಕತ್ತಲೆಯ ತಳವನ್ನು ಇಡೀ ತಡಕಲು ಅವನಿಗೆ ಉಸಿರು ಸಾಲದು. ಒಂದು ಚಾಪೆಯಷ್ಟು ಜಾಗವಾದರೆ ಸಾಕಾಗುತ್ತದೆ. ಎದ್ದು ಬಂದಾಗ ಕೈ ಖಾಲಿ ಇತ್ತು.

"ಅರಿವಿ ಜಗ್ಗಿ ಒಳಗ ಎಳಕೊಂತ್ರಿ ಸಾಹೇಬ್ರ! ಕೆಸರಿನಾಗ ಮುಚ್ಚಿಹೋದ ಹಳೇ ಪೈಪಿನ ಬಾಯಿ ಐತಿ, ಬೆಣಿ ಸಡ್ಲ ಆಗೇತಿ!"

ಸಾಹೇಬರ ನಕಾಶೆಯಲ್ಲಿ ಆ ಬಾಯಿ ಇರಲೇ ಇಲ್ಲ. ಅವರು ಚಪ್ಪಾಳೆ ತಟ್ಟಿದರು. "ನೋಡ್ರಿ, ಹುಬ್ಬಳ್ಳಿ ಮೇಡಂ ಬಂದ್ರು, ಕೆಲಸ ಆತು!" ವಾಲ್ವ್‌ಮನ್, "ಕೈಗುಣಾರೀ, ಕೈಗುಣಾ," ಎಂದ. ನಾನು ಗಳ ಒರೆಸುತ್ತಿದ್ದೆ. ಸಾಹೇಬರು ಅವಳ ಕಡೆಗೇ ತಿರು‌ಗಿ, "ಮತ್ತ ಬ್ಯಾಡಗಿ ಟಾಕಿ ಯಾವಾಗ ಮಾಡೋಣ್ರಿ?" ಎಂದು ಕೇಳಿದರು.

ಗೆಳತಿ ಹೆಡ್‌ಫೋನಿನ ತಂತಿ ಸುತ್ತುತ್ತಿದ್ದಳು, ತಲೆ ಎತ್ತಲಿಲ್ಲ. "ಅಕೀನ್ನ ಕೇಳ್ರಿ ಸರ್. ವಿಚಾರ ಅಕೀದು, ಕಿವಿ ಅಕೀದು. ನಂದು ಬರೇ ಪೆಟಿಗಿ. ಪೆಟಿಗಿ ಬೇಕಾದ್ರ ಇಲ್ಲೇ ಬಿಟ್ಟು ಹೋಗ್ತೇನಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಯಸಿದ್ದು ಅದೇ. ಆದರೆ ಅದು ನನ್ನ ಕೈಗೆ ಬಂದದ್ದು ಅವಳ ಕೈಯಿಂದ. ಕೊಡುವುದರಲ್ಲೂ ಅವಳು ನನಗಿಂತ ಮುಂದಿದ್ದಳು. ಹಾಗೆ ಕೊಡಲು ನನಗೆ ಬರುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಸೋಮವಾರ," ಎಂದೆ. "ಬ್ಯಾಡಗಿ ಸೋಮವಾರ. ಪೆಟಿಗಿ ಇರ್ಲಿ."

ಟಾಕಿ ಬರಿದು ಮಾಡಲು ಬಂದ ಆಳುಗಳು ಸಲಿಕೆ ಹೊತ್ತು ತಿರುಗಿ ಹೋದರು. ಈಜುಗಾರ ಹೊಸ ಬೆಣೆ ಬಡಿದು ಮೇಲೆ ಜೇಡಿಚೀಲ ಪೇರಿಸಿದ. ಭಾನುವಾರ ಸಂಜೆ ಗೋಡೆಯ ಅಳತೆಪಟ್ಟಿ ನೋಡಲು ನಾನೊಬ್ಬಳೇ ಹೋದೆ. ನೀರು ಇದ್ದಲ್ಲೇ ಇತ್ತು. ಬಗ್ಗಿ ಎರಡು ಸಲ ನೋಡಿದೆ.

ಆ ದಿನ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಹೆಸರುಕಾಳಿನ ಉಸುಳಿ, ಗೆಳತಿ ತಂದ ಮೆಣಸಿನಕಾಯಿಯ ಕೆಂಪು ಚಟ್ನಿ, ಮೇಲೆ ಮಜ್ಜಿಗೆ ಅನ್ನ. ಅತ್ತೆಯವರು ಉಪ್ಪಿನಕಾಯಿ ಭರಣಿಯನ್ನು ಅವಳ ಮುಂದೆಯೇ ಇಟ್ಟು ಬೇಕಾದಷ್ಟು ಹಾಕಿಕೊಳ್ಳಲು ಹೇಳಿದರು. ಎಲ್ಲರೂ ಹೊಟ್ಟೆ ತುಂಬ ಉಂಡೆವು. ಪಡಸಾಲೆಯಲ್ಲಿ ಇಬ್ಬರಿಗೂ ಹಾಸಿಗೆ ಹಾಸಿದೆ. ಬ್ಯಾಡಗಿಯ ಟಾಕಿಯಲ್ಲಿ ಕಂಬಗಳೆಷ್ಟು ಎಂದು ಕೇಳುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಮೊದಲು ಮಲಗಿದವಳು ಅವಳೇ. ಒಂದು ಕೊರತೆಯಾದರೂ ಸಿಕ್ಕೀತೆಂದು ನಾನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದೆ. ಗೊರಕೆ ಕೂಡ ಇರಲಿಲ್ಲ.